ಅಡಿಗೆಮನೆಯ ಕಟ್ಟೆಯೂ ಲಾಲ್‌ಬಾಗಿನ ಬಂಡೆಯೂ

ನೆರೆಮನೆಯ ಏಳನೆಯ ತರಗತಿಯ ಹುಡುಗಿ ಶಾಲೆಯಿಂದ ಮರಳಿದವಳೇ, ಚೀಲವನ್ನಿಳಿಸುವ ಮುನ್ನವೇ, “ಅಜ್ಜಿ, ನಮ್ಮ ಅಡಿಗೆಮನೆಯ ಕಟ್ಟೆ ಯಾವ ಕಲ್ಲಿನದು?” ಎಂದು ಕೇಳಿದಳು. “ಕಡಪ ಕಲ್ಲು ಕಣೇ, ಅದರ ಮೇಲೆ ನಿಂಬೆಹಣ್ಣು ಹಿಂಡಬೇಡ, ಕಲೆ ನಿಂತುಬಿಡುತ್ತೆ” ಎಂದು ಆ ವೃದ್ಧೆ ಉತ್ತರವಿತ್ತರು. ಅಂದು ತರಗತಿಯಲ್ಲಿ ನಡೆದಿದ್ದ ಶಿಲೆಗಳ ಪಾಠದ ತಿರುಳೇ ಆ ಎಚ್ಚರಿಕೆಯಲ್ಲಿ ಅಡಗಿದ್ದಿತೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಅಗ್ನಿಶಿಲೆ, ಜಲಜಶಿಲೆ, ರೂಪಾಂತರಶಿಲೆ ಎಂಬ ಮೂರು ಹೆಸರುಗಳನ್ನು ಮಕ್ಕಳು ಕಂಠಪಾಠ ಮಾಡುತ್ತಾರೆ. ಮನೆಯವರು ಅದನ್ನೇ ಒಪ್ಪಿಸಿಕೊಂಡು ತೃಪ್ತರಾಗುತ್ತಾರೆ. ಇದು ನನಗೆ ವ್ಯಥೆಯ ಸಂಗತಿ. ಏಕೆಂದರೆ ಭೂವಿಜ್ಞಾನದಷ್ಟು ಸುಲಭವಾಗಿ ಕೈಗೆಟುಕುವ ಶಾಸ್ತ್ರ ಮತ್ತೊಂದಿಲ್ಲ. ಕಡಪದ ಕಲ್ಲಾಗಲಿ, ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲಾಗಲಿ, ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ನೆಲೆಸಿ ಗಟ್ಟಿಗೊಂಡ ಸುಣ್ಣದ ಕಲ್ಲು. ನಿಂಬೆಯ ರಸದಲ್ಲಿರುವ ಆಮ್ಲವು ಆ ಸುಣ್ಣದಂಶವನ್ನು ಕರಗಿಸಿ ಇಂಗಾಲಾಮ್ಲ ವಾಯುವನ್ನು ಹೊರಗೆಡಹುವುದರಿಂದ ನುಣುಪಾದ ಮೇಲ್ಮೈ ಸವೆದು ಮಂಕಾಗುತ್ತದೆ. ಅಜ್ಜಿ ಕಂಡ ಕಲೆ ಅದೇ. ಅವರು ಎಲೆಯಡಿಕೆಗೆ ಹಚ್ಚಿಕೊಳ್ಳುವ ಸುಣ್ಣವೂ ಇಂತಹ ಕಲ್ಲನ್ನೋ ಕಪ್ಪೆಚಿಪ್ಪನ್ನೋ ಸುಟ್ಟು ಪಡೆದುದೇ ಆಗಿದೆ.

ಅದೇ ಮನೆಯ ಹಿತ್ತಿಲಲ್ಲಿ ಮೂಲೆಗುಂಪಾಗಿರುವ ಗ್ರಾನೈಟಿನ ಒರಳುಕಲ್ಲಿಗೆ ನಿಂಬೆಯ ರಸವನ್ನು ಎಷ್ಟು ಸುರಿದರೂ ಅದು ಕದಲದು. ನೆಲದಾಳದಲ್ಲಿ ಕರಗಿದ ಶಿಲಾದ್ರವವು ಬಹು ನಿಧಾನವಾಗಿ ತಣಿದುದರಿಂದ ಅದರ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿ ಬೆಳೆದಿವೆ. ಒರಳನ್ನು ತೊಳೆದು ಬಿಸಿಲಿಗೆ ಹೊರಳಿಸಿ ನೋಡಿದರೆ, ಗಾಜಿನಂತೆ ಕಾಣುವ ಬೆಣಚುಕಲ್ಲಿನ ಕಣ, ಬಿಳಿದೋ ನಸುಗೆಂಪೋ ಆದ ಫೆಲ್ಡ್‌ಸ್ಪಾರ್, ಅಲ್ಲಲ್ಲಿ ಮಿನುಗುವ ಕಾಗೆಬಂಗಾರ, ಇವನ್ನು ಮಗುವೇ ಬೇರ್ಪಡಿಸಿ ಗುರುತಿಸಬಲ್ಲದು. ಚಾಕುವಿನ ಮೊನೆಯಿಂದ ಬೆಣಚಿನ ಕಣವನ್ನು ಗೀರಲು ಯತ್ನಿಸಿದರೆ ಕಲ್ಲಿಗೆ ಗಾಯವಾಗದು.

ಮೂರನೆಯ ಬಗೆಯ ಶಿಲೆಗೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಲಾಲ್‌ಬಾಗಿನ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ಈ ಜಾತಿಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರಿತ್ತರು. ದಕ್ಷಿಣ ಭಾರತದ ಬಹುಭಾಗಕ್ಕೆ ಇದೇ ಅಡಿಪಾಯ. ಉಷ್ಣಕ್ಕೂ ಒತ್ತಡಕ್ಕೂ ಸಿಲುಕಿ ಹಳೆಯ ಶಿಲೆಯೇ ರೂಪಾಂತರ ಹೊಂದಿದುದರ ಗುರುತಾಗಿ ಅದರ ಮೈಮೇಲೆ ಬಿಳಿ ಕಪ್ಪು ಪಟ್ಟೆಗಳು ಸೀರೆಯ ಅಂಚಿನಂತೆ ಬಳುಕಿ ಸಾಗಿವೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಕ್ಷಣಕ್ಕೆ ಒಂದರಂತೆ, ಉಣ್ಣದೆ ಮಲಗದೆ, ಒಂದೊಂದೇ ವರ್ಷವನ್ನು ಎಣಿಸುತ್ತಾ ಹೋದರೆ ಆ ಸಂಖ್ಯೆಯನ್ನು ಮುಟ್ಟಲು ಸರಿಸುಮಾರು 95 ವರ್ಷ ಬೇಕು. ಅಂದರೆ ಒಂದು ದೀರ್ಘಾಯುಷ್ಯವೆಲ್ಲ ಆ ಎಣಿಕೆಗೇ ಸಂದುಹೋಗುತ್ತದೆ. ಭೂಮಿಯ ವಯಸ್ಸಾದರೋ 454 ಕೋಟಿ ವರ್ಷಗಳಷ್ಟು. ಹಿಮಾಲಯ ತಲೆಯೆತ್ತಲಾರಂಭಿಸಿ ಕೇವಲ ಐದು ಕೋಟಿ ವರ್ಷಗಳಾಗಿವೆಯೆಂದಾಗ, ನಮ್ಮ ಈ ಗಿಡ್ಡ ಬಂಡೆಯ ಹಿರಿತನ ಮನಸ್ಸಿಗೆ ನಾಟುತ್ತದೆ.

ಮಲ್ಪೆಯ ಎದುರಿಗಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳಿಗೂ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನೊಳಗೆ ಹರಿದು ದಿಂಬಿನಂತೆ ಹೆಪ್ಪುಗಟ್ಟಿದ ಲಾವಾಕ್ಕೂ ಸ್ಮಾರಕದ ಪದವಿ ಸಂದಿದೆ. ಆ ಊರುಗಳ ಮಕ್ಕಳಿಗೆ ಅವೇ ಪಾಠಶಾಲೆ.

ಕಳೆದ ಭಾನುವಾರ ಆ ಹುಡುಗಿ ಅಜ್ಜಿಯನ್ನು ಲಾಲ್‌ಬಾಗಿಗೆ ಕರೆದೊಯ್ದಳು; ನಾನೂ ಜೊತೆಗಿದ್ದೆ. ಅಜ್ಜಿ ಸೆರಗನ್ನು ಸುತ್ತಿಕೊಂಡು ಬಂಡೆಯ ಮೇಲೆ ಕುಳಿತರು. ಹುಡುಗಿ ಮಂಡಿಯೂರಿ, ಒಂದು ಕಪ್ಪು ಪಟ್ಟೆಯ ಜಾಡನ್ನು ಬೆರಳಿನಿಂದ ಹಿಡಿದು, ಅದು ಬಿಳಿಯ ಪಟ್ಟೆಯೊಳಗೆ ಸೇರಿ ಮಾಯವಾಗುವವರೆಗೂ ಸರಿದುಹೋದಳು.

“ಇದರ ಮೇಲೆ ನಿಂಬೆಹಣ್ಣು ಹಿಂಡಿದರೆ?” ಎಂದು ಅಜ್ಜಿ ಕೇಳಿದರು.

“ಏನೂ ಆಗಲ್ಲ ಅಜ್ಜಿ, ಇದು ನಮ್ಮ ಒರಳಿನ ಬಳಗ.”