ನಾಲ್ಕು ಉತ್ತರ, ಒಂದು ತಕರಾರು

ಗಣಿತದ ಲೆಕ್ಕ ತಪ್ಪಿದರೆ ಯಾರೂ ಹೆಚ್ಚು ಹೊತ್ತು ವಾದ ಮಾಡುವುದಿಲ್ಲ. ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬಹುದು, ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಯ ವಿಷಯ ಹಾಗಲ್ಲ. ಪರೀಕ್ಷೆ ಮುಗಿಸಿ ಹೊರಬಂದ ನಾಲ್ವರು ಗೆಳೆಯರು ನಾಲ್ಕು ಉತ್ತರ ಬರೆದಿರುತ್ತಾರೆ, ನಾಲ್ವರಿಗೂ ತಮ್ಮದೇ ಸರಿ ಎಂಬ ನಂಬಿಕೆ. ಕೋಚಿಂಗ್ ಕೇಂದ್ರವೊಂದು ‘ಆ’ ಎನ್ನುತ್ತದೆ, ಇನ್ನೊಂದು ‘ಇ’ ಎನ್ನುತ್ತದೆ. ಮನೆಯಲ್ಲಿ ಅಪ್ಪ ಪ್ರಶ್ನೆಪತ್ರಿಕೆ ಕೈಗೆತ್ತಿಕೊಂಡು ಓದಿ, ‘ಎರಡೂ ಸರಿ ಅಲ್ಲವೇನೋ?’ ಎಂದರಂತೂ ಮುಗಿಯಿತು. ಆ ರಾತ್ರಿ ಮಗನಿಗೆ ನಿದ್ದೆಯಿಲ್ಲ.

ಇದನ್ನು ಬರೀ ಒಂದು ಅಂಕದ ಮಾತೆಂದು ತಳ್ಳಿಹಾಕುವಂತಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮ್ಸ್‌ನ ಎರಡನೆಯ ಪತ್ರಿಕೆಯನ್ನೇ ತೆಗೆದುಕೊಳ್ಳಿ. ಅಲ್ಲಿ 80 ಪ್ರಶ್ನೆ, 200 ಅಂಕ. ತೇರ್ಗಡೆಗೆ ಶೇ 33, ಅಂದರೆ 66 ಅಂಕ ಬೇಕು. ಒಂದು ಸರಿ ಉತ್ತರಕ್ಕೆ ಎರಡೂವರೆ ಅಂಕ, ತಪ್ಪಿದರೆ ಅದರ ಮೂರನೆಯ ಒಂದು ಭಾಗ ಕಡಿತ. ಹೀಗಾಗಿ ಒಂದೇ ಪ್ರಶ್ನೆ ಸರಿಯಿಂದ ತಪ್ಪಿಗೆ ಜಾರಿದರೂ ಮೂರು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. 64 ಅಂಕ ಪಡೆದವನಿಗೆ ಆ ವರ್ಷ ಮುಗಿದಂತೆಯೇ. ಬ್ಯಾಂಕ್ ಪರೀಕ್ಷೆಯಿರಲಿ, ಮ್ಯಾನೇಜ್‌ಮೆಂಟ್ ಪ್ರವೇಶದ ಕ್ಯಾಟ್ ಇರಲಿ, ಕಾನೂನು ಶಾಲೆಗಳ ಕ್ಲ್ಯಾಟ್ ಇರಲಿ, ಎಲ್ಲ ಕಡೆಯೂ ಈ ಬಗೆಯ ಪ್ರಶ್ನೆಗಳಿವೆ.

ಹಾಗಾದರೆ ಇಂಥ ಪ್ರಶ್ನೆಗೆ ‘ಸರಿ ಉತ್ತರ’ ಎಂಬುದು ನಿಜವಾಗಿ ಇದೆಯೇ? ಅಥವಾ ಅದು ಪ್ರಶ್ನೆ ತೆಗೆದವರ ಮರ್ಜಿಯೇ? ಒಂದು ಉದಾಹರಣೆಯನ್ನು ಕೈಯಲ್ಲಿ ಹಿಡಿದೇ ನೋಡೋಣ. ವಿಷಯ ವ್ಯಾಪಾರ ದಿಗ್ಬಂಧನ. ಇತಿಹಾಸದ ಒಂದು ನಿಜ ಪ್ರಸಂಗವನ್ನು ಪರೀಕ್ಷೆಯ ಧಾಟಿಯಲ್ಲಿ ಬರೆದು ಇಲ್ಲಿ ಕೊಟ್ಟಿದೆ. ಮುಂದಕ್ಕೆ ಹೋಗುವ ಮೊದಲು ನೀವೂ ಒಂದು ಉತ್ತರವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಗದ್ಯಭಾಗ

‘1807ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ದಿಗ್ಬಂಧನ ಕಾಯಿದೆಯೊಂದನ್ನು ಅಂಗೀಕರಿಸಿತು. ಪರಸ್ಪರ ಯುದ್ಧದಲ್ಲಿ ತೊಡಗಿದ್ದ ಬ್ರಿಟನ್ ಮತ್ತು ಫ್ರಾನ್ಸ್ ಅಮೆರಿಕದ ಹಡಗುಗಳಿಗೆ ಕಿರುಕುಳ ಕೊಡುತ್ತಿದ್ದವು. ಅಮೆರಿಕದ ಸರಕು ಸಿಗದೆ ಹೋದರೆ ಅವು ದಾರಿಗೆ ಬಂದಾವು ಎಂಬುದು ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಲೆಕ್ಕಾಚಾರ. ಅದರಂತೆ ಅಮೆರಿಕದ ಹಡಗುಗಳು ವಿದೇಶಿ ಬಂದರುಗಳಿಗೆ ಹೋಗುವುದನ್ನೇ ನಿಷೇಧಿಸಲಾಯಿತು. 1807ರಲ್ಲಿ ಸುಮಾರು 10.8 ಕೋಟಿ ಡಾಲರ್ ಇದ್ದ ರಫ್ತು 1808ರಲ್ಲಿ ಸುಮಾರು 2.2 ಕೋಟಿಗೆ ಇಳಿಯಿತು. ನ್ಯೂ ಇಂಗ್ಲೆಂಡ್ ಪ್ರಾಂತದ ಬಂದರುಗಳಲ್ಲಿ ಹಡಗುಗಳು ನಿಂತಲ್ಲೇ ನಿಂತವು, ನಾವಿಕರು ಕೆಲಸ ಕಳೆದುಕೊಂಡರು. ಕೆನಡಾ ಗಡಿಯಲ್ಲಿ ಕಳ್ಳಸಾಗಣೆ ಬೆಳೆಯಿತು. ಬ್ರಿಟನ್ನಿನ ವರ್ತಕರು ದಕ್ಷಿಣ ಅಮೆರಿಕದಲ್ಲಿ ಹೊಸ ಮಾರುಕಟ್ಟೆ ಕಂಡುಕೊಂಡರು. ಕಾಯಿದೆ ಜಾರಿಯಲ್ಲಿದ್ದಷ್ಟು ಕಾಲವೂ ಬ್ರಿಟನ್ನಾಗಲಿ ಫ್ರಾನ್ಸಾಗಲಿ ತಮ್ಮ ನೀತಿಯನ್ನು ಬದಲಿಸಲಿಲ್ಲ. ಇತ್ತ ಹೊರಗಿನ ಸರಕು ಕಡಿಮೆಯಾದ್ದರಿಂದ ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ಉತ್ತೇಜನ ಸಿಕ್ಕಿತು. 1809ರ ಮಾರ್ಚ್‌ನಲ್ಲಿ, ಅಧಿಕಾರ ಬಿಡುವುದಕ್ಕೆ ಕೆಲವೇ ದಿನ ಮುಂಚೆ, ಜೆಫರ್ಸನ್ ಅವರೇ ಕಾಯಿದೆಯ ರದ್ದತಿಗೆ ಸಹಿ ಹಾಕಿದರು.’

ಪ್ರಶ್ನೆ: ಈ ಗದ್ಯಭಾಗದಿಂದ ಕೆಳಗಿನ ಯಾವ ತೀರ್ಮಾನಕ್ಕೆ ಬರಬಹುದು?

ಅ) ವ್ಯಾಪಾರ ದಿಗ್ಬಂಧನದಿಂದ ಎದುರಾಳಿ ದೇಶದ ನೀತಿಯನ್ನು ಎಂದಿಗೂ ಬದಲಿಸಲಾಗದು.

ಆ) ದಿಗ್ಬಂಧನ ವಿಧಿಸಿದ ದೇಶಕ್ಕೂ ಅದರಿಂದ ಆರ್ಥಿಕ ಪೆಟ್ಟು ಬೀಳುವುದು ಸಾಧ್ಯ.

ಇ) ಸ್ವದೇಶಿ ಕೈಗಾರಿಕೆಯನ್ನು ಬೆಳೆಸುವುದು ಈ ಕಾಯಿದೆಯ ಉದ್ದೇಶಗಳಲ್ಲಿ ಒಂದಾಗಿತ್ತು.

ಈ) ಕಳ್ಳಸಾಗಣೆ ನಡೆಯದಿದ್ದರೆ ಕಾಯಿದೆ ಯಶಸ್ವಿಯಾಗುತ್ತಿತ್ತು.

ಎಲ್ಲರ ವಾದವನ್ನೂ ಕೇಳೋಣ

‘ಅ’ ಎಂದವನ ವಾದ ಹೀಗಿರುತ್ತದೆ: ‘ಬ್ರಿಟನ್ನೂ ಬಗ್ಗಲಿಲ್ಲ, ಫ್ರಾನ್ಸೂ ಬಗ್ಗಲಿಲ್ಲ. ಮತ್ತೇನು ಬೇಕು?’ ಅವನು ಓದಿದ್ದು ಸರಿ, ಜಿಗಿದದ್ದು ತಪ್ಪು. ಗದ್ಯಭಾಗ ಹೇಳುತ್ತಿರುವುದು ಒಂದು ದೇಶ, ಒಂದು ಕಾಯಿದೆ, ಹದಿನೈದು ತಿಂಗಳಿಗೂ ಕಡಿಮೆ ಅವಧಿಯ ಕಥೆ. ಆಯ್ಕೆ ಹೇಳುತ್ತಿರುವುದು ‘ಎಂದಿಗೂ’ ಎಂದು, ಎಲ್ಲ ದೇಶ, ಎಲ್ಲ ಕಾಲಕ್ಕೂ ಸೇರಿಸಿ. ಒಂದು ಮಾವಿನಕಾಯಿ ಹುಳಿಯಿತ್ತೆಂದು ಇಡೀ ತೋಪನ್ನೇ ಹುಳಿ ಎನ್ನಲಾದೀತೆ?

ಇಲ್ಲಿ ಬಹಳ ಓದಿಕೊಂಡ ಹುಡುಗ ಇನ್ನೊಂದು ಬಗೆಯಲ್ಲಿ ಎಡವುತ್ತಾನೆ. ‘ಕ್ಯೂಬಾದ ಮೇಲೆ ಅಮೆರಿಕ 1962ರಲ್ಲಿ ಪೂರ್ಣ ದಿಗ್ಬಂಧನ ಹೇರಿತು, ಆದರೂ ಕ್ಯಾಸ್ಟ್ರೊ ಆಳ್ವಿಕೆ ಬೀಳಲಿಲ್ಲ. ಆದ್ದರಿಂದ ಅ ಸರಿ’ ಎನ್ನುತ್ತಾನೆ. ಅವನಷ್ಟೇ ಓದಿಕೊಂಡ ಗೆಳತಿ, ‘ದಕ್ಷಿಣ ಆಫ್ರಿಕದ ಮೇಲೆ ನಮ್ಮ ಭಾರತವೇ 1946ರಲ್ಲಿ ವ್ಯಾಪಾರ ನಿಷೇಧ ಹಾಕಿತ್ತು. ಮುಂದೆ ಹಲವು ದೇಶಗಳು ಸೇರಿಕೊಂಡವು. ಅಲ್ಲಿ ವರ್ಣಭೇದ ಕೊನೆಗೊಳ್ಳಲು ಆ ಒತ್ತಡವೂ ಒಂದು ಕಾರಣ. ಆದ್ದರಿಂದ ಅ ತಪ್ಪು’ ಎನ್ನುತ್ತಾಳೆ. ಇಬ್ಬರ ಇತಿಹಾಸವೂ ಸರಿಯೇ. ಆದರೆ ಪ್ರಶ್ನೆ ‘ಈ ಗದ್ಯಭಾಗದಿಂದ’ ಎಂದು ಕೇಳಿದೆ. ಅದರೊಳಗೆ ಕ್ಯೂಬಾ ಇಲ್ಲ, ದಕ್ಷಿಣ ಆಫ್ರಿಕವೂ ಇಲ್ಲ. ಹೊರಗಿನ ತಿಳಿವಳಿಕೆ ಪ್ರಬಂಧಕ್ಕೆ ಬೇಕು, ಇಲ್ಲಿ ಅದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು.

‘ಇ’ ಅತಿ ಹೆಚ್ಚು ಮಂದಿಯನ್ನು ಸೆಳೆಯುವ ಆಯ್ಕೆ. ಯಾಕೆಂದರೆ ಬಟ್ಟೆ ಗಿರಣಿಯ ಮಾತು ಗದ್ಯಭಾಗದಲ್ಲಿ ಇದ್ದೇ ಇದೆ. ಗಿರಣಿಗಳಿಗೆ ಉತ್ತೇಜನ ಸಿಕ್ಕಿದ್ದೂ ನಿಜ. ಆದರೆ ಅದು ನಡೆದ ಪರಿಣಾಮ, ಇಟ್ಟುಕೊಂಡ ಉದ್ದೇಶವಲ್ಲ. ಉದ್ದೇಶ ಏನಿತ್ತು ಎಂಬುದನ್ನು ಮೂರನೆಯ ವಾಕ್ಯ ನೇರವಾಗಿ ಹೇಳಿದೆ: ಎರಡು ದೇಶಗಳನ್ನು ದಾರಿಗೆ ತರುವುದು. ಮಳೆ ಬಂದು ಶಾಲೆಗೆ ರಜೆ ಸಿಕ್ಕಿತೆಂದರೆ ಮಳೆ ಬಂದದ್ದೇ ರಜೆ ಕೊಡಿಸಲು ಎಂದಂತಾಗದು. ‘ಜೆಫರ್ಸನ್ನರ ಮನಸ್ಸಿನಲ್ಲಿ ಅದೂ ಇದ್ದಿರಬಹುದಲ್ಲ?’ ಎಂದು ಕೇಳಬಹುದು. ಇದ್ದಿರಬಹುದು. ಆದರೆ ‘ಇದ್ದಿರಬಹುದು’ ಎಂಬುದಕ್ಕೂ ‘ಗದ್ಯಭಾಗದಿಂದ ತಿಳಿಯುತ್ತದೆ’ ಎಂಬುದಕ್ಕೂ ಬಹಳ ಅಂತರವಿದೆ.

‘ಈ’ ಆಯ್ಕೆ ನಡೆಯದೇ ಹೋದ ಸಂಗತಿಯ ಬಗ್ಗೆ ಭವಿಷ್ಯ ನುಡಿಯುತ್ತದೆ. ಕಳ್ಳಸಾಗಣೆ ಬೆಳೆಯಿತು ಎಂದಿದೆಯೇ ಹೊರತು ಸೋಲಿಗೆ ಅದೊಂದೇ ಕಾರಣ ಎಂದಿಲ್ಲ. ಜೊತೆಗೆ ಬ್ರಿಟನ್ನಿನ ವರ್ತಕರು ಬೇರೆ ಮಾರುಕಟ್ಟೆ ಕಂಡುಕೊಂಡ ಸಂಗತಿಯೂ ಅಲ್ಲೇ ಇದೆ. ಕಳ್ಳಸಾಗಣೆಯನ್ನು ಪೂರ್ತಿ ತಡೆದಿದ್ದರೂ ಆ ಮಾರುಕಟ್ಟೆ ಇದ್ದೇ ಇರುತ್ತಿತ್ತು.

ಉಳಿದದ್ದು ‘ಆ’. ಇದರ ಮೇಲೂ ಆಕ್ಷೇಪ ಬರುತ್ತದೆ: ‘ಗಿರಣಿಗಳಿಗೆ ಲಾಭವಾಯಿತಲ್ಲ, ದೇಶಕ್ಕೆ ಪೆಟ್ಟು ಹೇಗೆ?’ ಆಯ್ಕೆಯ ಮಾತನ್ನು ಮತ್ತೆ ಓದಿ. ಪೆಟ್ಟು ‘ಬೀಳುವುದು ಸಾಧ್ಯ’ ಎಂದಷ್ಟೇ ಅದು ಹೇಳುತ್ತದೆ. ಯಾರಿಗೂ ಲಾಭವಾಗದು ಎಂದು ಹೇಳುವುದಿಲ್ಲ. ರಫ್ತು ಐದನೆಯ ಒಂದು ಭಾಗಕ್ಕೆ ಇಳಿದದ್ದು, ನಾವಿಕರ ಕೆಲಸ ಹೋದದ್ದು ಪೆಟ್ಟಲ್ಲದೆ ಇನ್ನೇನು? ‘ಸಾಧ್ಯ’ ಎಂಬ ಮಾತನ್ನು ನಿಲ್ಲಿಸಲು ಒಂದು ನಿದರ್ಶನ ಸಾಕು. ‘ಎಂದಿಗೂ ಆಗದು’ ಎಂಬುದಕ್ಕೆ ನೂರು ನಿದರ್ಶನವೂ ಸಾಲದು. ಆದ್ದರಿಂದ ಸರಿ ಉತ್ತರ ‘ಆ’.

ಪ್ರಶ್ನೆ ಬದಲಾದರೆ?

ಅದೇ ಗದ್ಯಭಾಗವಿರಲಿ, ಪ್ರಶ್ನೆ ಹೀಗಿರಲಿ: ‘ಜೆಫರ್ಸನ್ ಅವರ ಲೆಕ್ಕಾಚಾರದ ಹಿಂದೆ ಇದ್ದ ಗ್ರಹಿಕೆ ಯಾವುದು?’ ಈಗ ಕೇಳುತ್ತಿರುವುದು ತೀರ್ಮಾನವನ್ನಲ್ಲ. ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿ ಒಪ್ಪಿಕೊಂಡದ್ದನ್ನು. ‘ಬ್ರಿಟನ್ ಮತ್ತು ಫ್ರಾನ್ಸ್ ಅಮೆರಿಕದ ವ್ಯಾಪಾರಕ್ಕೆ ಸುಲಭವಾಗಿ ಬದಲಿ ಕಂಡುಕೊಳ್ಳಲಾರವು’ ಎಂಬುದು ಅದಕ್ಕೆ ಉತ್ತರ.

ಇದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಆ ಮಾತನ್ನು ತಿರುಗಿಸಿ ಹೇಳಿ ನೋಡಿ: ‘ಅವು ಸುಲಭವಾಗಿ ಬದಲಿ ಕಂಡುಕೊಳ್ಳಬಲ್ಲವು’. ಆಗ ಜೆಫರ್ಸನ್ನರ ಲೆಕ್ಕ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ತಿರುಗಿಸಿದಾಗ ವಾದ ಕುಸಿದರೆ ಅದೇ ಅಡಿಪಾಯದ ಗ್ರಹಿಕೆ. ಅರ್ಧಕ್ಕರ್ಧ ತಕರಾರು ಹುಟ್ಟುವುದು ಗದ್ಯಭಾಗ ಅರ್ಥವಾಗದೆ ಅಲ್ಲ, ಪ್ರಶ್ನೆಯನ್ನು ಅವಸರದಲ್ಲಿ ಓದಿ. ತೀರ್ಮಾನ, ಗ್ರಹಿಕೆ, ಮುಖ್ಯ ಆಶಯ, ಲೇಖಕರ ನಿಲುವು ಈ ನಾಲ್ಕೂ ಬೇರೆ ಬೇರೆ.

ತಕರಾರು ಎಲ್ಲಿ ನ್ಯಾಯ?

ಹಾಗೆಂದು ಕೀ ಉತ್ತರ ತಪ್ಪುವುದೇ ಇಲ್ಲ ಎಂದಲ್ಲ. ಮೇಲಿನ ನಾಲ್ಕರಲ್ಲಿ ‘ಅ’ ಆಯ್ಕೆಯನ್ನು ತೆಗೆದು, ಅಲ್ಲಿ ‘ರದ್ದಾಗುವ ಹೊತ್ತಿಗೆ ಈ ಕಾಯಿದೆಯ ಗುರಿ ಈಡೇರಿರಲಿಲ್ಲ’ ಎಂದು ಹಾಕಿ ನೋಡಿ. ಗುರಿ ಏನೆಂದು ಗದ್ಯಭಾಗ ಹೇಳಿದೆ, ನೀತಿ ಬದಲಾಗಲಿಲ್ಲ ಎಂದೂ ಹೇಳಿದೆ. ಈಗ ‘ಅ’ ಕೂಡ ಸರಿ, ‘ಆ’ ಕೂಡ ಸರಿ. ಇದು ಪ್ರಶ್ನೆಯ ದೋಷ, ಆಕ್ಷೇಪ ಸಲ್ಲಿಸಲೇಬೇಕಾದ ಜಾಗ.

ಭಾಷಾಂತರವೂ ಎಡವಟ್ಟು ಮಾಡುತ್ತದೆ. 2024ರ ಆಗಸ್ಟ್‌ನಲ್ಲಿ ಕರ್ನಾಟಕ ಲೋಕಸೇವಾ ಆಯೋಗ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ತಪ್ಪುಗಳು ದೊಡ್ಡ ಗದ್ದಲಕ್ಕೆ ಕಾರಣವಾದವು. ಕೊನೆಗೆ ಡಿಸೆಂಬರ್‌ನಲ್ಲಿ ಮರುಪರೀಕ್ಷೆಯೇ ನಡೆಯಿತು. ‘ಸಾಧ್ಯ’ ಎಂಬುದು ‘ಖಚಿತ’ ಎಂದಾದರೆ ಉತ್ತರವೇ ಬದಲಾಗುತ್ತದೆ ಎಂಬುದನ್ನು ಮೇಲೆ ಕಂಡೆವಲ್ಲ. ಆದ್ದರಿಂದ ಎರಡು ಭಾಷೆಯ ಪ್ರಶ್ನೆಪತ್ರಿಕೆ ಕೈಯಲ್ಲಿದ್ದರೆ ಅನುಮಾನ ಬಂದಾಗ ಎರಡನ್ನೂ ನೋಡುವುದು ಜಾಣತನ.

ಒಂದು ಪದದ ತೂಕ ಎಷ್ಟೆಂಬುದಕ್ಕೆ 2024ರ ನೀಟ್ ಪರೀಕ್ಷೆಯ ಭೌತಶಾಸ್ತ್ರದ ಪ್ರಶ್ನೆಯೊಂದು ಸಾಕ್ಷಿ. ಹಳೆಯ ಪಠ್ಯಪುಸ್ತಕದಲ್ಲಿ ‘ಪ್ರತಿಯೊಂದು’ ಧಾತುವಿನ ಪರಮಾಣುಗಳು ಸ್ಥಿರ ಎಂದಿತ್ತು, ಹೊಸದರಲ್ಲಿ ‘ಬಹುತೇಕ’ ಎಂದಾಗಿತ್ತು. ಪರೀಕ್ಷಾ ಸಂಸ್ಥೆ ಎರಡು ಉತ್ತರಗಳಿಗೂ ಅಂಕ ಕೊಟ್ಟಿತ್ತು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ದೆಹಲಿ ಐಐಟಿಯ ಮೂವರು ತಜ್ಞರು ಪರಿಶೀಲಿಸಿ ಒಂದೇ ಉತ್ತರ ಸರಿ ಎಂದರು, ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು.

ನ್ಯಾಯಾಲಯಗಳ ನಿಲುವೇನೆಂಬುದನ್ನು ಪೋಷಕರು ತಿಳಿದಿರುವುದು ಒಳ್ಳೆಯದು. ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕೀ ಉತ್ತರ ಸರಿಯೆಂದೇ ಭಾವಿಸಬೇಕು, ಅದು ತಪ್ಪೆಂದು ಸ್ಪಷ್ಟವಾಗಿ ತೋರಿಸಬೇಕೇ ಹೊರತು, ಸುತ್ತಿಬಳಸಿ ತರ್ಕ ಮಾಡಿ ಸಾಧಿಸಿದರೆ ಸಾಲದು. ಆ ಪ್ರಕರಣದಲ್ಲಿ ತಪ್ಪು ಸ್ಪಷ್ಟವಾಗಿದ್ದರಿಂದ ವಿದ್ಯಾರ್ಥಿಗಳಿಗೆ ನ್ಯಾಯವೂ ಸಿಕ್ಕಿತು. ರಣ್ ವಿಜಯ್ ಸಿಂಗ್ ಪ್ರಕರಣದ 2017ರ ತೀರ್ಪು ಇನ್ನೂ ಬಿಗಿ. ಅನುಮಾನವಿದ್ದಲ್ಲಿ ಅದರ ಲಾಭ ಅಭ್ಯರ್ಥಿಗಲ್ಲ, ಪರೀಕ್ಷಾ ಸಂಸ್ಥೆಗೆ ಎಂದಿತು. ಅಂದರೆ ‘ನಮ್ಮದೂ ಸರಿ ಇರಬಹುದು’ ಎಂಬ ವಾದ ಹೊತ್ತು ಕೋರ್ಟಿನ ಮೆಟ್ಟಿಲು ಹತ್ತಿದರೆ ಹಣ, ಸಮಯ, ನೆಮ್ಮದಿ ಮೂರೂ ಖರ್ಚು.

ಅದಕ್ಕಿಂತ ಹತ್ತಿರದ ದಾರಿ ಬೇರೆ ಇದೆ. ಈಗ ಅನೇಕ ಪರೀಕ್ಷೆಗಳಲ್ಲಿ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆಗೆ ಕೆಲವು ದಿನ ಅವಕಾಶ ಕೊಡುತ್ತಾರೆ. ಪ್ರತಿ ಪ್ರಶ್ನೆಗೆ ಶುಲ್ಕ ಇರುವುದೂ ಉಂಟು. ಆಕ್ಷೇಪಣೆ ಬರೆಯುವಾಗ ‘ನನ್ನ ಪ್ರಕಾರ’ ಎಂದು ಆರಂಭಿಸಬೇಡಿ. ಗದ್ಯಭಾಗದ ಯಾವ ವಾಕ್ಯ, ಅದರ ಯಾವ ಪದ ನಿಮ್ಮ ಉತ್ತರಕ್ಕೆ ಆಧಾರ ಎಂದು ತೋರಿಸಿ. ಕೀ ಉತ್ತರ ಯಾವ ವಾಕ್ಯಕ್ಕೆ ವಿರುದ್ಧ ಎಂಬುದನ್ನೂ ತೋರಿಸಿ. ನಾಲ್ಕೈದು ಸಾಲಿನಲ್ಲಿ ಹಾಗೆ ತೋರಿಸಲು ಆಗದಿದ್ದರೆ, ಶುಲ್ಕ ಕಟ್ಟುವ ಮೊದಲು ಇನ್ನೊಮ್ಮೆ ಯೋಚಿಸಿ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು

ಮಗಳು ತಪ್ಪು ಉತ್ತರ ಬರೆದಳೆಂದರೆ ‘ನಿನಗೆ ಇಂಗ್ಲಿಷೇ ಬರುವುದಿಲ್ಲ’ ಎನ್ನುವುದು ಸುಲಭ. ಆದರೆ ಮೇಲಿನ ಗದ್ಯಭಾಗ ಅಚ್ಚ ಕನ್ನಡದಲ್ಲೇ ಇತ್ತು. ನಿಮ್ಮಲ್ಲಿ ಎಷ್ಟು ಮಂದಿ ‘ಇ’ ಎಂದು ಗುರುತು ಹಾಕಿದಿರಿ? ಇದು ಭಾಷೆಗಿಂತ ಹೆಚ್ಚಾಗಿ ಓದಿನ ಶಿಸ್ತಿನ ಪ್ರಶ್ನೆ. ಆ ಶಿಸ್ತನ್ನು ಮನೆಯಲ್ಲೇ ಕಲಿಸಬಹುದು.

ದಿನಕ್ಕೆ ಹತ್ತು ನಿಮಿಷ ಸಾಕು. ಪತ್ರಿಕೆಯ ಸಂಪಾದಕೀಯದ ಒಂದು ಪ್ಯಾರಾವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಬಳಿಕ ಅದರ ಬಗ್ಗೆ ನೀವೊಂದು ಮಾತು ಹೇಳಿ, ಕೆಲವೊಮ್ಮೆ ಬೇಕೆಂದೇ ಸ್ವಲ್ಪ ಹೆಚ್ಚು ಮಾಡಿ ಹೇಳಿ. ‘ಇದು ಅಲ್ಲಿದೆಯೇ? ಎಲ್ಲಿದೆ, ಬೆರಳಿಟ್ಟು ತೋರಿಸು’ ಎಂದು ಕೇಳಿ. ‘ಎಲ್ಲ’, ‘ಎಂದಿಗೂ’, ‘ಮಾತ್ರ’, ‘ಕೆಲವು’, ‘ಸಾಧ್ಯ’ ಎಂಬ ಪದಗಳಿಗೆ ಅಡಿಗೆರೆ ಹಾಕಿಸಿ. ತಿಂಗಳು ಕಳೆಯುವುದರೊಳಗೆ ಮಕ್ಕಳು ನಿಮ್ಮ ಮಾತಿನಲ್ಲೇ ತಪ್ಪು ಹಿಡಿಯತೊಡಗುತ್ತಾರೆ. ಆಗ ಸಿಟ್ಟು ಮಾಡಿಕೊಳ್ಳಬೇಡಿ. ಪರೀಕ್ಷೆಯ ಕೋಣೆಯಲ್ಲಿ ನಾಲ್ಕು ಆಯ್ಕೆಗಳ ಮುಂದೆ ಒಬ್ಬರೇ ಕೂತಾಗ ಅವರ ನೆರವಿಗೆ ಬರುವುದು ಈ ಅಭ್ಯಾಸವೇ.