ಕಾಂಪೌಂಡಿನೊಳಗೆ ಪಾಠ, ಹೊರಗೆ ಪರೀಕ್ಷೆ

ಕನಕಪುರ ರಸ್ತೆಯಲ್ಲಿ ಬೆಳಗಿನ ಹೊತ್ತು ಹಾರೋಹಳ್ಳಿ ಕಡೆಗೆ ಹೊರಟರೆ ಕಾಲೇಜು ಬಸ್ಸುಗಳದ್ದೇ ಸಾಲು. ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ಕ್ಯಾಂಪಸ್ಸು, ದೇವರಕಗ್ಗಲಹಳ್ಳಿಯಲ್ಲಿ ದಯಾನಂದ ಸಾಗರ ವಿಶ್ವವಿದ್ಯಾಲಯ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಮರಳವಾಡಿ ಹೋಬಳಿಯದು ಬೇರೆಯೇ ಲೋಕ: ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವು, ಅದರಾಚೆ ಬನ್ನೇರುಘಟ್ಟದ ಕಾಡು. ಫಸಲು ಕೈಗೆ ಬರುವ ಕಾಲಕ್ಕೆ ಆನೆಗಳೂ ಇಳಿಯುತ್ತವೆ.

ಈಗ ಪ್ರತಿ ವಿಶ್ವವಿದ್ಯಾಲಯದ ಪ್ರಚಾರ ಪುಸ್ತಿಕೆಯಲ್ಲೂ ‘ಹಸಿರು ಕ್ಯಾಂಪಸ್’ ಎಂಬ ಪುಟವೊಂದು ಇದ್ದೇ ಇರುತ್ತದೆ. ಹುಲ್ಲುಹಾಸು, ಸೋಲಾರ್ ಫಲಕ, ಪರಿಸರ ದಿನಕ್ಕೆ ನೆಟ್ಟ ಸಸಿ. ಇವೆಲ್ಲ ಅಲಂಕಾರ. ಕ್ಯಾಂಪಸ್ಸನ್ನೇ ಪ್ರಯೋಗಾಲಯ ಮಾಡಿಕೊಳ್ಳುವುದೆಂದರೆ ಅಲ್ಲಿನ ನೀರು, ಕೊಳಚೆ, ಕರೆಂಟು, ಅನ್ನದ ಲೆಕ್ಕವನ್ನು ವಿದ್ಯಾರ್ಥಿಗಳೇ ಹಿಡಿಯುವುದು, ತಪ್ಪಿದ್ದನ್ನು ತಿದ್ದುವುದು. ಅದಕ್ಕೆ ಮಾದರಿ ಹುಡುಕಿಕೊಂಡು ವಿದೇಶಕ್ಕೆ ಹೋಗಬೇಕಾಗಿಲ್ಲ. ಮಾಗಡಿಯ ಗಡಿ ದಾಟಿದರೆ ಕುಣಿಗಲ್ ತಾಲ್ಲೂಕು. ಅಲ್ಲಿನ ಉಂಗ್ರ ಸಾಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ರೆಡ್ಡಿ ವಿದ್ಯುದ್ರಸಾಯನ ವಿಜ್ಞಾನಿ. ಹಳ್ಳಿಯ ಒಲೆಗೂ ಅವರ ಓದಿಗೂ ಮೇಲ್ನೋಟಕ್ಕೆ ಸಂಬಂಧವಿಲ್ಲ. ಆದರೂ ಅವರ ತಂಡ ಉಂಗ್ರದಲ್ಲಿ ಬಿಡಾರ ಹೂಡಿ, ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಎಷ್ಟು ಹೊತ್ತು ನೀರು ಹೊರುತ್ತಾರೆ ಎಂದು ಅಳೆಯಿತು. ಹಳ್ಳಿಯ ಶಕ್ತಿ ಬಳಕೆಯಲ್ಲಿ ಸಿಂಹಪಾಲು ಸೌದೆಯದೇ, ಅದರಲ್ಲೂ ಅಡುಗೆ ಒಲೆಯದು ಎಂಬುದು ಅಂಕಿಗಳಲ್ಲಿ ಕಂಡಿತು. ಆ ಅಳತೆಯ ಬೆನ್ನಿಗೆ ಬಂದದ್ದು ಕಡಿಮೆ ಸೌದೆಯಲ್ಲಿ ಬೇಯಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟುವ ‘ಅಸ್ತ್ರ ಒಲೆ’. ಅದೇ ಕೇಂದ್ರದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸುಡದೆ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಒಂದು ಸೋಲು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಅಡುಗೆ ಅನಿಲ ಕೊಡಲು ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಊರಿನ ಸಗಣಿಯಿಂದ ಬಂದ ಅನಿಲ ಎಲ್ಲರ ಒಲೆಗೆ ಸಾಲಲಿಲ್ಲ. ಅಲ್ಲಿಗೇ ವರದಿ ಬರೆದು ಎದ್ದುಬರಬಹುದಿತ್ತು. ಅವರು ಜನರೊಂದಿಗೆ ಮತ್ತೆ ಕೂತು, 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಹಣ, ಜೊತೆಗೆ ಬಗ್ಗಡ ಗೊಬ್ಬರವಾಗಿ ವಾಪಸ್. ಅಸ್ತ್ರ ಈಗ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ.

ಅದೇ ಸಂಸ್ಥೆ ತನ್ನ ಅಂಗಳದಲ್ಲೂ ಪ್ರಯೋಗ ಮಾಡಿದೆ. 1980ರ ದಶಕದಲ್ಲಿ ಒಂದೂವರೆ ಹೆಕ್ಟೇರಿನಷ್ಟು ಜಾಗದಲ್ಲಿ ಪಶ್ಚಿಮ ಘಟ್ಟದ ಜಾತಿಯ ಸಸಿಗಳನ್ನು ನೆಟ್ಟು ಕಿರು ಕಾಡು ಬೆಳೆಸಿದರು. ಅಲ್ಲಿ 60-70 ಮೀಟರ್ ಆಳದಲ್ಲಿದ್ದ ಅಂತರ್ಜಲ 2010ರ ಹೊತ್ತಿಗೆ ಮೂರೂವರೆ ಮೀಟರ್‌ವರೆಗೆ ಮೇಲೆ ಬಂದಿತ್ತು ಎಂದು ಸಂಸ್ಥೆಯ ವಿಜ್ಞಾನಿ ಟಿ.ವಿ. ರಾಮಚಂದ್ರ ಅವರ ತಂಡ ದಾಖಲಿಸಿದೆ. ನೀರು ಏರಿದ್ದು ಮರಗಳಿಂದಲೇ ಎಂದು ಖಚಿತವಾಗಿ ಹೇಳಲಾಗದು, ಬೆಂಗಳೂರಿನಲ್ಲಿ ಸೋರುವ ಪೈಪುಗಳಿಗೂ ಬರವಿಲ್ಲ. ಅಕ್ಕಪಕ್ಕದಲ್ಲಿ ಕಾಡಿಲ್ಲದ ಜಾಗವನ್ನೂ ಅಳೆದು ಹೋಲಿಸಬೇಕೆಂದು ವಿದ್ಯಾರ್ಥಿ ಕೇಳಿದರೆ ಅದು ಒಳ್ಳೆಯ ಪ್ರಶ್ನೆಯೇ. ಮರ ಮತ್ತು ಬಾವಿಯನ್ನು ಒಟ್ಟಿಗೆ, ವರ್ಷಗಟ್ಟಲೆ ಗಮನಿಸುವ ತಾಳ್ಮೆ ಕ್ಯಾಂಪಸ್ಸಿಗಿಂತ ಚೆನ್ನಾಗಿ ಇನ್ನೆಲ್ಲಿ ಸಾಧ್ಯ?

ನಮ್ಮ ಹಾರೋಹಳ್ಳಿ ಸೀಮೆಗೆ ಬರೋಣ. ಇಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದು ಹಿಡಿದರೂ ಒಂದು ಎಕರೆ ಚಾವಣಿ ಮೇಲೆ 32 ಲಕ್ಷ ಲೀಟರ್ ನೀರು ಬೀಳುತ್ತದೆ. ಹಾಸ್ಟೆಲು, ತರಗತಿ, ಆಡಳಿತ ಕಟ್ಟಡ ಸೇರಿದರೆ ದೊಡ್ಡ ಕ್ಯಾಂಪಸ್ಸಿನಲ್ಲಿ ಹಲವು ಎಕರೆ ಚಾವಣಿ. ಬಿದ್ದ ನೀರಿನಲ್ಲಿ ಎಷ್ಟು ಇಂಗಿತು, ಎಷ್ಟು ಚರಂಡಿ ಸೇರಿತು, ಬೋರ್‌ವೆಲ್ ಮಟ್ಟ ಏಪ್ರಿಲ್‌ನಲ್ಲಿ ಎಷ್ಟಕ್ಕಿಳಿಯಿತು? ಸಿವಿಲ್ ವಿಭಾಗದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗದು. ಕೊಳಚೆಯ ಪಾಠಕ್ಕಂತೂ ನದಿಯೇ ಇದೆ. ಬೆಂಗಳೂರಿನ ಹೊಲಸು ಹೊತ್ತ ವೃಷಭಾವತಿ ಬೈರಮಂಗಲ ಕೆರೆಗಿಳಿದು, ಮುಂದೆ ಅರ್ಕಾವತಿ ಸೇರಿ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಆ ನೊರೆಯ ನೀರಲ್ಲೇ ಬೆಳೆ ತೆಗೆಯುವ ರೈತರ ಹೊಲದ ಮಣ್ಣನ್ನು ರಸಾಯನಶಾಸ್ತ್ರ ವಿಭಾಗ ಪ್ರತಿ ಹಂಗಾಮಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಅವರ ಕೈಗೆ ಕೊಡಬಹುದು. ಪ್ರಬಂಧವಾಗಿ ಇಂಗ್ಲಿಷಿನಲ್ಲಿ ಅಚ್ಚಾದರೆ ರೈತನಿಗೇನು ಬಂತು?

ಆನೆಯ ವಿಷಯ ಇನ್ನೂ ಸೂಕ್ಷ್ಮ. ಕಾಡಂಚಿನಲ್ಲಿ ಎದ್ದ ಉದ್ದನೆಯ ಗೋಡೆ ಆನೆಯನ್ನು ನಿಲ್ಲಿಸುತ್ತದೆಯೋ, ಪಕ್ಕದವನ ರಾಗಿ ಹೊಲಕ್ಕೆ ತಿರುಗಿಸುತ್ತದೆಯೋ? ಮೆಸ್ಸಿನ ಹಿಂದೆ ಸುರಿದ ಊಟ ಯಾವ ಪ್ರಾಣಿಯನ್ನು ಕರೆಯುತ್ತದೆ? ಇದಕ್ಕೆ ನಕ್ಷೆ ಬರೆಯಬಲ್ಲವರು ಕಂಪ್ಯೂಟರ್ ಕಲಿತ ಹುಡುಗರು. ಆನೆ ದಾರಿ ಬಲ್ಲವರು ಮರಳವಾಡಿಯ ದನ ಕಾಯುವವರು. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸುವ ಕೆಲಸ ವಿಶ್ವವಿದ್ಯಾಲಯದ್ದು, ಅದಕ್ಕೆ ಕೋಟಿಗಟ್ಟಲೆ ಅನುದಾನವೇನೂ ಬೇಡ.

ಮುಂದಿನ ಪ್ರವೇಶದ ಸಮಯದಲ್ಲಿ ಮಕ್ಕಳನ್ನು ಕರೆದುಕೊಂಡು ಈ ರಸ್ತೆಗೆ ಬರುವ ತಂದೆತಾಯಂದಿರು ಫೀಸು, ಪ್ಲೇಸ್‌ಮೆಂಟ್ ಕೇಳಿಯೇ ಕೇಳುತ್ತೀರಿ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಹಾಸ್ಟೆಲಿಗೆ ನೀರು ಎಲ್ಲಿಂದ ಬರುತ್ತದೆ? ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ?