ಲೋಡು ಕಟ್ಟುವ ವಿದ್ಯೆ

ಪಕ್ಕದಲ್ಲಿ ಹಲಗೆ ಇಲ್ಲ, ಹಿಂದೆ ಬಾಗಿಲಿಲ್ಲ. ಉದ್ದನೆಯ ಕಬ್ಬಿಣದ ಹಾಸು, ಕೆಳಗೆ ಚಕ್ರ, ಮುಂದೆ ಎಳೆಯುವ ಗಾಡಿ. ಫ್ಲಾಟ್‌ಬೆಡ್ ಟ್ರೇಲರ್ ಅಂದರೆ ಇಷ್ಟೇ. ಕನಕಪುರದ ಕಡೆಯ ಗ್ರಾನೈಟ್ ಬ್ಲಾಕು, ತೋರಣಗಲ್ಲಿನ ಉಕ್ಕಿನ ಕಾಯಿಲ್ಲು, ಮೆಟ್ರೊದ ಕಾಂಕ್ರೀಟ್ ಗರ್ಡರು, ಗದಗ, ಚಿತ್ರದುರ್ಗದ ಗುಡ್ಡಗಳಿಗೆ ಹೋಗುವ ಗಾಳಿಯಂತ್ರದ ರೆಕ್ಕೆ ಹೀಗೆ ಬಾಡಿ ಕಟ್ಟಿದ ಲಾರಿಯೊಳಗೆ ಹಿಡಿಸದ್ದು, ಕ್ರೇನಿನಿಂದ ಇಳಿಸಬೇಕಾದ್ದು ಎಲ್ಲವೂ ಇಂಥ ಹಾಸಿನ ಮೇಲೆಯೇ ಹೋಗಬೇಕು.

ನಮ್ಮ ರಾಮನಗರ, ಚನ್ನಪಟ್ಟಣದ ಸೀಮೆಯಲ್ಲಿ ಹತ್ತು ಚಕ್ರದ ಲಾರಿ ಓಡಿಸಿಕೊಂಡಿದ್ದವರು ಟ್ರೇಲರಿಗೆ ಹತ್ತುವುದುಂಟು. ಸ್ಟೇರಿಂಗು ಕೈಗೆ ಕೂತಿದೆ, ಇನ್ನು ಕಲಿಯುವುದೇನು ಎಂದುಕೊಂಡೇ ಹತ್ತುತ್ತಾರೆ. ಮುಕ್ಕಾಲು ಪಾಠ ಕ್ಯಾಬಿನ್ನಿನಿಂದ ಕೆಳಗಿಳಿದ ಮೇಲಿನದು ಎಂಬುದು ಗೊತ್ತಾಗುವುದು ಆಮೇಲೆ.

ಕಾನೂನಿನ ದಾರಿ ನೇರವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಅದಕ್ಕೆ ಕಲಿಕಾ ಲೈಸೆನ್ಸು ತೆಗೆಯುವ ಮುಂಚೆ ಒಂದು ವರ್ಷವಾದರೂ ಲಘು ವಾಹನದ ಲೈಸೆನ್ಸು ಇರಬೇಕು. ಎಂಟನೇ ಕ್ಲಾಸು ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದರು. 2021ರ ಜುಲೈಯಿಂದ ಜಾರಿಗೆ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮದಲ್ಲಿ ಭಾರಿ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಯ ಪಾಠವಿದೆ. ಗೇರು, ಬ್ರೇಕು, ಏರು, ಇಳಿಜಾರು, ರಸ್ತೆ ಚಿಹ್ನೆ ಎಲ್ಲ ಕಲಿಯಲೇಬೇಕಾದವೇ. ಆದರೆ ಇಷ್ಟು ಮುಗಿಸಿ ಬಂದವನ ಕೈಗೆ 18 ಟನ್ನಿನ ಕಲ್ಲು ಕೊಟ್ಟರೆ ಅದನ್ನು ಎಲ್ಲಿ ಕೂರಿಸಬೇಕು, ಯಾವುದರಿಂದ ಬಿಗಿಯಬೇಕು ಎಂದು ಅವನಿಗೆ ಹೇಳಿಕೊಡುವವರು ಯಾರು?

ಮೊದಲ ದಿನದ ಪಾಠ ಜೋಡಣೆ. ಎಳೆಯುವ ಗಾಡಿಯ ಬೆನ್ನ ಮೇಲೊಂದು ದುಂಡನೆಯ ತಟ್ಟೆ ಇರುತ್ತದೆ, ಅದಕ್ಕೆ ಐದನೇ ಚಕ್ರ ಎಂದು ಹೆಸರು. ಟ್ರೇಲರಿನ ಹೊಟ್ಟೆಯಲ್ಲಿರುವ ಕಿಂಗ್‌ಪಿನ್ನು ಅದರ ಬಾಯಿಗೆ ಬಂದು ಕೂರಬೇಕು. ಆ ಪಿನ್ನಿನ ದಪ್ಪ ಸಾಮಾನ್ಯವಾಗಿ ಎರಡೇ ಇಂಚು, ಇಡೀ ಲೋಡಿನ ಎಳೆತ ಅದರ ಮೇಲೆ. ಸದ್ದು ಕೇಳಿತು, ಕೂತಿತು ಎಂದು ನಂಬಬಾರದು. ಟಾರ್ಚು ಹಿಡಿದು ಅಡಿಗೆ ತೂರಿ, ಬಾಯಿ ಮುಚ್ಚಿದೆಯೇ ಎಂದು ಕಣ್ಣಾರೆ ನೋಡಬೇಕು, ಟ್ರೇಲರಿನ ಬ್ರೇಕು ಹಿಡಿದೇ ಮುಂದಕ್ಕೆ ಒಮ್ಮೆ ಜಗ್ಗಬೇಕು. ರಿವರ್ಸು ತಗೊಳ್ಳುವಾಗ ಸ್ಟೇರಿಂಗು ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಎಡಕ್ಕೆ ಹೋಗುತ್ತದೆ. ಲಾರಿಯಲ್ಲಿ ಹತ್ತು ವರ್ಷ ಪಳಗಿದ ಕೈಗೂ ಇದು ಹೊಸದಾಗಿ ಅಭ್ಯಾಸವಾಗಬೇಕು.

ಇನ್ನು ಕಟ್ಟುವುದು. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಗ್ರಾನೈಟ್ ಬ್ಲಾಕು ಹೆಚ್ಚುಕಮ್ಮಿ 18 ಟನ್ ತೂಗುತ್ತದೆ. ಜೋರಾಗಿ ಬ್ರೇಕು ಒತ್ತಿದಾಗ ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಅದು ಮುಂದಕ್ಕೆ, ಅಂದರೆ ಡ್ರೈವರಿನ ಬೆನ್ನ ಕಡೆಗೆ ನುಗ್ಗಬಹುದು, ತಿರುವಿನಲ್ಲಿ ಅರ್ಧದಷ್ಟು ಬಲದಿಂದ ಪಕ್ಕಕ್ಕೆ. ಅಮೆರಿಕದ ನಿಯಮ ಈ ಲೆಕ್ಕ ಹಿಡಿದೇ ಮಾಡಿದ್ದು. ಬಿಗಿಯುವ ಬೆಲ್ಟು, ಚೈನುಗಳ ಒಟ್ಟು ತಾಕತ್ತು ಲೋಡಿನ ತೂಕದ ಅರ್ಧವಾದರೂ ಇರಬೇಕು ಎನ್ನುತ್ತದೆ ಅದು. ಬೆಲ್ಟು ಹಾಸಿಗೆ ನೆಟ್ಟಗೆ ನಿಂತಷ್ಟೂ ಲೋಡನ್ನು ಕೆಳಕ್ಕೆ ಅದುಮುತ್ತದೆ. 30 ಡಿಗ್ರಿಗೆ ಮಲಗಿದರೆ ಅದುಮುವ ಬಲ ಅರ್ಧಕ್ಕೆ ಇಳಿಯುತ್ತದೆ. ಕಲ್ಲಿನ ಅಂಚು ಬೆಲ್ಟನ್ನು ಕೊಯ್ಯುತ್ತದೆ, ಹಾಗಾಗಿ ಮೂಲೆಗೆ ರಬ್ಬರೋ ಹಳೇ ಟೈರಿನ ತುಂಡೋ ಇಡಬೇಕು. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ, ನಡುವೆ ಮರದ ತುಂಡು ಬೇಕು. ಎಲ್ಲಕ್ಕಿಂತ ಅಪಾಯದ್ದು ಉಕ್ಕಿನ ಕಾಯಿಲ್ಲು. 20 ಟನ್ ದಾಟುವ ಸುರುಳಿ ಮುಂದಕ್ಕೆ ಉರುಳುವ ಹಾಗೆ ಕೂತಿದ್ದರೆ, ಕಟ್ಟಿನ ಒಂದು ತಪ್ಪಿಗೆ ಕ್ಯಾಬಿನ್ನು ಉಳಿಯುವುದಿಲ್ಲ. ಮರದ ತೊಟ್ಟಿಲಿನಂಥ ಆಸರೆ ಮಾಡಿ, ಸುರುಳಿಯ ನಡುವಿನ ತೂತಿನಲ್ಲಿ ಚೈನು ತೂರಿಸಿ ಬಿಗಿಯುವುದನ್ನು ಕಣ್ಣೆದುರು ಮಾಡಿ ತೋರಿಸಿದವರಿಂದಲೇ ಕಲಿಯಬೇಕು.

ಉದ್ದದ ಕಂಬಿಯ ಕಥೆ ಬೇರೆ. ಗಾಡಿಯ ಹಿಂದೆ ಕಂಬಿ ಚಾಚಿಕೊಂಡು ಹೋಗುವುದನ್ನು 2014ರಲ್ಲಿ ನಿಷೇಧಿಸಿದರು. 2019ರ ತಿದ್ದುಪಡಿಯಲ್ಲಿ ಲೋಡು ಹೊರಚಾಚಿದರೆ 20,000 ರೂಪಾಯಿ ದಂಡವೂ ಬಂತು. ರಾತ್ರಿ ಹೊತ್ತು ಅಂಥ ಗಾಡಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಆ ನಿಯಮದ ಬೆಲೆ ಗೊತ್ತು.

ಕಟ್ಟಿದ್ದನ್ನು ದಾರಿಯಲ್ಲಿ ನಿಂತು ನೋಡುವ ಮಾತಿಗೆ ನಮ್ಮ ದೊಡ್ಡಮಳೂರು ಬರುವುದು ಒಂದು ಲೆಕ್ಕದಿಂದ. ಅಪ್ರಮೇಯಸ್ವಾಮಿಯ ಗುಡಿ, ಅಂಬೆಗಾಲು ಕೃಷ್ಣ, ಹರಕೆಯ ತೊಟ್ಟಿಲುಗಳಿಂದ ಹೆಸರಾದ ಈ ಊರು ಬೆಂಗಳೂರಿನಿಂದ ಹಳೇ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್. ಹೊಸದಾಗಿ ಹೇರಿದ ಲೋಡು ಕುಲುಕಿ, ಕೆಳಗೆ ಕೂತು, ಬೆಲ್ಟು ಸಡಿಲವಾಗುವುದು ಮೊದಲ ಒಂದೆರಡು ಗಂಟೆಯಲ್ಲಿ. ಅಮೆರಿಕದಲ್ಲಿ ಹೊರಟ 50 ಮೈಲಿ, ಅಂದರೆ 80 ಕಿಲೋಮೀಟರಿನೊಳಗೆ ನಿಲ್ಲಿಸಿ ಕಟ್ಟು ನೋಡಲೇಬೇಕು, ಆಮೇಲೆ ಮೂರು ಗಂಟೆಗೊಮ್ಮೆ ಅಥವಾ 150 ಮೈಲಿಗೊಮ್ಮೆ. ಬೆಂಗಳೂರು ಬಿಟ್ಟ ಲಾರಿ ಚನ್ನಪಟ್ಟಣದ ಆಚೆ ಈಚೆ ಚಹಾಕ್ಕೆ ನಿಂತರೆ ಆ ನಿಯಮ ತಾನೇ ಪಾಲನೆಯಾದ ಹಾಗೆ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಬೆಂಗಳೂರು-ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣ ಎರಡರ ಹೊರಗಿನಿಂದ ಬಳಸಿ ಹೋಗುತ್ತದೆ. ದಾರಿ ಚುರುಕಾಯಿತು, ಒಳ್ಳೆಯದೇ. ಆದರೆ ನಿಲ್ಲುವ ಅಭ್ಯಾಸ ಹೋಯಿತಲ್ಲ ಎಂಬ ಚಿಂತೆ ನನಗಿದೆ. ಹೊಸ ರಸ್ತೆಯ ಬದಿಯಲ್ಲಿ ಭಾರಿ ಗಾಡಿಗಳು ಸುರಕ್ಷಿತವಾಗಿ ನಿಂತು ಲೋಡು ನೋಡಿಕೊಳ್ಳುವ ಜಾಗ ಇನ್ನಷ್ಟು ಬೇಕು.

ಇನ್ನೂ ದೊಡ್ಡ ಚಿಂತೆ ಕ್ಲೀನರಿನದು. ಹಿಂದೆ ಹುಡುಗನೊಬ್ಬ ಗಾಡಿ ಹತ್ತಿ, ಮೂರ್ನಾಲ್ಕು ವರ್ಷ ಹಗ್ಗ ಎಳೆದು, ಟಾರ್ಪಾಲು ಹೊದಿಸಿ, ಸ್ಟೆಪ್ನಿ ಬದಲಿಸಿ, ಆಮೇಲೆ ಸ್ಟೇರಿಂಗು ಮುಟ್ಟುತ್ತಿದ್ದ. ಆ ವರ್ಷಗಳಲ್ಲಿ ಬೈಗುಳವೂ ಇತ್ತು, ಅರೆಹೊಟ್ಟೆಯೂ ಇತ್ತು, ಅದನ್ನು ನಾನು ಹೊಗಳಲಾರೆ. ಆದರೆ ಕಟ್ಟುವ ವಿದ್ಯೆ ಕೈಯಿಂದ ಕೈಗೆ ಬಂದದ್ದು ಹಾಗೆ. ಈಗ ಎಷ್ಟೋ ಗಾಡಿಯಲ್ಲಿ ಡ್ರೈವರು ಒಬ್ಬನೇ. ಅಮೆರಿಕದ ಕಂಪನಿಗಳು ಫ್ಲಾಟ್‌ಬೆಡ್‌ಗೆ ಬರುವ ಹೊಸಬರಿಗೆ, ಲೈಸೆನ್ಸು ಇದ್ದರೂ, ಬೆಲ್ಟು ಎಸೆಯುವುದರಿಂದ ಹಿಡಿದು 40 ಕಿಲೋ ದಾಟುವ ಟಾರ್ಪಾಲು ಹೊದಿಸುವವರೆಗೆ ಅಂಗಳದಲ್ಲಿ ಕಲಿಸಿ, ಅನುಭವಸ್ಥರ ಜೊತೆ ವಾರಗಟ್ಟಲೆ ಕಳಿಸುತ್ತವೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವುದನ್ನು ಕೂರಿಸಿ ಕಲಿಸುವ ಕೇಂದ್ರವಿದೆ. ಅದೇ ಮರ್ಯಾದೆ ಈ ಕೆಲಸಕ್ಕೂ ಸಿಗಲಿ. ಆ 38 ಗಂಟೆಗೆ ಇನ್ನೊಂದು ಹತ್ತು ಗಂಟೆ ಸೇರಿಸಿ, ನಿಂತ ಟ್ರೇಲರ್ ಒಂದು, ನಾಲ್ಕು ಬೆಲ್ಟು, ಎರಡು ಚೈನು, ಕೈ ಪಳಗಿದ ಹಿರಿಯ ಡ್ರೈವರು ಒಬ್ಬರನ್ನು ಕೊಟ್ಟರೆ ಸಾಕು.

ಮೊನ್ನೆ ಗುಡಿಯ ಹತ್ತಿರ ಪೈಪಿನ ಕಂತೆ ಹೇರಿದ ಟ್ರೇಲರ್ ಒಂದು ನಿಂತಿತ್ತು. ವಯಸ್ಸಾದ ಡ್ರೈವರು, ಹಿಂದೆ ಒಬ್ಬ ಹುಡುಗ. ಗಾಡಿಯ ಸುತ್ತ ನಡೆಯುತ್ತ ಒಂದೊಂದು ಬೆಲ್ಟಿಗೂ ಅಂಗೈಯಿಂದ ಹೊಡೆದರು. ಬಿಗಿಯಿದ್ದದ್ದು ತಮಟೆಯ ಹಾಗೆ ಮಿಡಿಯಿತು. ಮೂರನೆಯದು ಸದ್ದು ಕೊಡದೆ ಅಂಗೈಯ ಕೆಳಗೆ ತಗ್ಗಿತು. ಅವರು ಏನೂ ಹೇಳದೆ ಪಕ್ಕಕ್ಕೆ ಸರಿದು ನಿಂತರು. ಹುಡುಗ ತಾನೂ ಒಮ್ಮೆ ಹೊಡೆದು ನೋಡಿ, ರಾಚೆಟ್ಟಿನ ಹಿಡಿಗೆ ಕೈ ಹಾಕಿದ.